ಬೀಗರ ಬಿಳಿ ಧೋತರ ಮತ್ತು ನನ್ನ ಗಾಳಿ ಪಂಪು

ನೆಲೋಗಿಯ ರಸ್ತೆ ಬದಿಯಲ್ಲಿ, ಮನೆಗೆ ಹೊಂದಿಕೊಂಡೇ, ನನ್ನದೊಂದು ಪಂಕ್ಚರ್ ಅಂಗಡಿ ಇದೆ. ಗಾಳಿಯ ವಿಷಯದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ನನ್ನಷ್ಟು ತಿಳಿದವರಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆ. ಹೀಗಾಗಿ ಸೊಲ್ಲಾಪುರದ ಗುಜರಿ ಬಜಾರಿನಲ್ಲಿ ಗಾಳಿಯಿಂದಲೇ ನಡೆಯುವ ಡಯಾಫ್ರಮ್ ಪಂಪೊಂದನ್ನು ಕಂಡಾಗ, ಅದು ನನ್ನ ದಾರಿಯನ್ನೇ ಕಾಯುತ್ತ ಕುಳಿತಿದೆ ಅನ್ನಿಸಿತು. ಕರೆಂಟು ಬೇಡ, ಮೋಟರು ಬೇಡ. ಒಳಗೆ ಎರಡು ರಬ್ಬರ್ ಪೊರೆಗಳು. ಗಾಳಿ ಕೊಟ್ಟರೆ ಅವು ಹಿಂದೆ ಮುಂದೆ ಆಡುತ್ತ ಒಂದು ಕಡೆಯಿಂದ ನೀರು ಎಳೆದು ಇನ್ನೊಂದು ಕಡೆಗೆ ದೂಡುತ್ತವೆ. ಇಷ್ಟೇ!

ಮನೆಗೆ ತಂದಾಗ ನನ್ನ ಹೆಂಡತಿ ಶಮೀಮ್ ಅದರ ಸುತ್ತ ಒಂದು ಸುತ್ತು ಹಾಕಿ ನೋಡಿದಳು.

“ಇದಕ್ಕ ನಮ್ಮ ಮನ್ಯಾಗ ಏನ್ ಕೆಲ್ಸ ಅದರಿ?”

“ಕೆಲ್ಸ ತಾನೇ ಹುಡುಕ್ಕೊಂಡ್ ಬರ್ತದ,” ಎಂದೆ.

ಬಂತು!

ಪಕ್ಕದ ಮನೆಯ ಶರಣಪ್ಪನ ಮಗಳ ಮದುವೆ. ಹಿಂದಿನ ದಿನ ಬೆಳಗಿನ ಜಾವ ಗಾಳಿ ಮಳೆ ಬಡಿದು ಕರೆಂಟಿನ ಕಂಬ ಮಲಗಿತು. ಓಣಿಯ ಕೆಸರು ನೀರೆಲ್ಲ ಅವನ ಅಂಗಳದ ನೆಲದೊಳಗಿನ ನೀರಿನ ಟಾಕಿಗೆ ನುಗ್ಗಿತು. ಅಡಿಗೆಗೂ ಸ್ನಾನಕ್ಕೂ ಅದೇ ಟಾಕಿ. ಅದು ಖಾಲಿಯಾಗದೆ ಹೊಸ ನೀರು ತುಂಬಿಸುವಂತಿಲ್ಲ, ಕರೆಂಟಿಲ್ಲದೆ ಮೋಟರು ನಡೆಯುವಂತಿಲ್ಲ. ಮಧ್ಯಾಹ್ನಕ್ಕೆ ಅಫಜಲಪುರದಿಂದ ಬೀಗರು ಬರುವವರಿದ್ದರು. ಅದರಲ್ಲೂ ವರನ ತಂದೆ ಬಸವಂತರಾಯರು ನಿಶ್ಚಿತಾರ್ಥದ ದಿನ ಹೋಳಿಗೆಗೆ ತುಪ್ಪ ಬರುವುದು ತಡವಾಯಿತೆಂದು ಎದ್ದು ಹೊರಟಿದ್ದ ಮನುಷ್ಯ!

ಶರಣಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ನಾನು ಗಂಭೀರವಾಗಿ ಅವನ ಭುಜ ತಟ್ಟಿದೆ.

“ನೀವು ಏನೂ ಚಿಂತಿ ಮಾಡಬ್ಯಾಡ್ರಿ. ನನ್ನ ಕಂಪ್ರೆಸರ್ ಡೀಸೆಲ್ ಮ್ಯಾಲ ನಡಿತದ. ಬೀಗರು ಬರೋದ್ರಾಗ ಟಾಕಿ ಒಣಗಿಸಿ ಕೊಡ್ತೇನಿ.”

“ಬಾಬುಭಾಯ್, ನೀವೇ ನಮ್ಮ ದೇವ್ರು!” ಎಂದ ಅವನು. ಆ ಪದವಿ ನನ್ನಲ್ಲಿ ಬಹಳ ಹೊತ್ತು ಉಳಿಯಲಿಲ್ಲ.

ಪಂಪನ್ನು ಅಂಗಳದಲ್ಲಿ ಪ್ರತಿಷ್ಠಾಪಿಸಿ, ಅಂಗಡಿಯಿಂದ ಗಾಳಿ ಪೈಪು ಎಳೆದು ಚಾಲೂ ಮಾಡಿದೆ. ಧಡಬಡ ಧಡಬಡ ಎಂದು ಭಾರೀ ಸದ್ದು! ನೆಂಟರಿಷ್ಟರೆಲ್ಲ ಸುತ್ತ ನೆರೆದರು. ನೀರು ಮಾತ್ರ ಬರಲಿಲ್ಲ.

“ಬಾಜಾ ಛಲೋ ಅದ,” ಎಂದರೊಬ್ಬ ಅಜ್ಜಿ.

ನೋಡಿದರೆ ಪೈಪುಗಳನ್ನು ಅದಲು ಬದಲು ಹಚ್ಚಿದ್ದೆ. ಸರಿಪಡಿಸಿದೆ. ಆಗಲೂ ನೀರಿಲ್ಲ! ನೀರೆಳೆಯುವ ಕಡೆ ನಾನು ಹಾಕಿದ್ದು ಮೆತ್ತನೆಯ ಪೈಪು. ಎಳೆತಕ್ಕೆ ಅದು ಹಪ್ಪಳದಂತೆ ಚಪ್ಪಟೆಯಾಗಿತ್ತು. ಗಟ್ಟಿ ಪೈಪು ಹುಡುಕಿ ತಂದು ಹಾಕಿದೆ. ಈ ಸಲ ನೀರು ಬಂತು! ಚಪ್ಪಾಳೆಯೂ ಬಿತ್ತು. ನಾನು ಎದೆಯುಬ್ಬಿಸಿ ಚಹಾ ಕೇಳಿದೆ.

ಚಹಾ ಬರುವ ಮೊದಲೇ ಪಂಪು ನಿಂತಿತು.

ಗಾಳಿ ಹೊರಬೀಳುವ ಸೈಲೆನ್ಸರನ್ನು ಮುಟ್ಟಿ ನೋಡಿ ಬೆಚ್ಚಿದೆ. ಮಂಜುಗಡ್ಡೆ! ಮಳೆ ನಿಂತು ನೆತ್ತಿ ಸುಡುವ ಬಿಸಿಲು ಬಿದ್ದಿದ್ದ ನಮ್ಮ ಜೇವರ್ಗಿ ತಾಲೂಕಿನಲ್ಲಿ ನಾನು ಬರ್ಫ್ ತಯಾರಿಸಿದ್ದೆ! ಕಂಪ್ರೆಸರಿನ ತಳದಲ್ಲಿ ಸೇರುವ ನೀರನ್ನು ಆಗಾಗ ಹೊರಗೆ ಬಿಡಬೇಕು. ನಾನು ಬಿಟ್ಟಿರಲಿಲ್ಲ. ಆ ತೇವವೆಲ್ಲ ಗಾಳಿಯ ಜೊತೆ ಬಂದು, ಹೊರಬೀಳುವ ಬಾಯಲ್ಲಿ ಗಡ್ಡೆ ಕಟ್ಟಿತ್ತು.

“ಟಾಕಿ ಖಾಲಿ ಮಾಡ್ರಿ ಅಂದ್ರ ಕುಲ್ಫಿ ಮಾಡಾಕತ್ತೀರಲ್ಲ!” ಎಂದು ಶಮೀಮ್ ಗೋಡೆಯಾಚೆಯಿಂದ ಕೂಗಿದಳು.

ಚಹಾಕ್ಕಿಟ್ಟ ಬಿಸಿನೀರು ಸುರಿದು ಗಡ್ಡೆ ಕರಗಿಸಿದೆ. ಎಲ್ಲ ತಂಟೆಗೂ ಈ ಸೈಲೆನ್ಸರೇ ಮೂಲವೆಂದು ತೀರ್ಮಾನಿಸಿ ಅದನ್ನು ಕಿತ್ತೇ ಹಾಕಿದೆ. ಹೊತ್ತು ಮೀರುತ್ತಿತ್ತು. ಗಾಳಿಯ ಒತ್ತಡವನ್ನು ಪೂರ್ತಿ ಏರಿಸಿದೆ. ಪಂಪು ಮೈಮೇಲೆ ದೇವರು ಬಂದಂತೆ ಕುಣಿಯುತ್ತ, ತಿರುಗುತ್ತ, ಸೈಲೆನ್ಸರಿಲ್ಲದ ತನ್ನ ಗಾಳಿ ಬಾಯನ್ನು ತಲಬಾಗಿಲಿನ ಕಡೆಗೆ ಹೊರಳಿಸಿತು.

ಬೀಗರು ಒಳಗೆ ಕಾಲಿಟ್ಟರು. ಎಲ್ಲರಿಗಿಂತ ಮುಂದೆ ಬಸವಂತರಾಯರು. ಇಸ್ತ್ರಿ ಮಾಡಿದ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೋಪಿ.

ಒಳಗಿನ ರಬ್ಬರ್ ಪೊರೆ ಹರಿಯಿತು!

ಪೊರೆ ಹರಿದರೆ ಟಾಕಿಯ ನೀರು ಗಾಳಿಯ ಬಾಯಿಂದಲೇ ಹೊರಗೆ ಚಿಮ್ಮುತ್ತದೆ. ಈ ಸಂಗತಿ ನನಗೂ ಬಸವಂತರಾಯರಿಗೂ ಏಕಕಾಲಕ್ಕೆ ತಿಳಿಯಿತು. ನಾನು ಗಾಳಿ ಬಂದ್ ಮಾಡುವಷ್ಟರಲ್ಲಿ ಅವರು ಟೋಪಿಯಿಂದ ಚಪ್ಪಲಿಯವರೆಗೆ ಕಪ್ಪಾಗಿದ್ದರು.

ಶರಣಪ್ಪ ಕಂಬ ಹಿಡಿದು ಕುಸಿದ. ಬಾಗಿಲ ಸಂದಿಯಲ್ಲಿ ಮದುಮಗಳ ಮುಖ ಕಂಡಿತು. ಅವಳ ಕಣ್ಣು ತುಂಬಿತ್ತು. ನನ್ನ ಗುಜರಿಯಿಂದ ಆ ಹುಡುಗಿಯ ಮದುವೆ ಮುರಿಯುವುದೇ?

“ಇದು ಯಾರ್ ಮಷೀನ್?” ಎಂದರು ಬಸವಂತರಾಯರು.

“ನಂದ್ರಿ. ತಪ್ಪಾತ್ರಿ. ಶರಣಪ್ಪಂದು ಏನೂ ಇಲ್ರಿ ಇದ್ರಾಗ,” ಎಂದೆ.

ಆಗ ಅವರ ಹಿಂದಿನಿಂದ ಕಿಸಕ್ ಎಂದು ನಗೆ ಕೇಳಿಸಿತು. ಅವರ ಹೆಂಡತಿ! ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲದು.

“ಹೊಸಾ ಸ್ಪ್ರೇಯರ್ ತಂದು, ತೊಗರಿ ಬಿಟ್ಟು ನನ್ನ ಮ್ಯಾಲ ಔಷಧ ಹೊಡಿದಿದ್ರಲ್ಲ, ಮರ್ತ್ರೇನು? ಇವತ್ತ ಲೆಕ್ಕ ಚುಕ್ತಾ ಆತು ಬಿಡ್ರಿ!”

ಬಸವಂತರಾಯರು ಹೆಂಡತಿಯನ್ನು ನೋಡಿದರು. ತಮ್ಮ ಧೋತರ ನೋಡಿದರು. ನನ್ನ ಪಂಪನ್ನು ನೋಡಿದರು. ಅವರ ಮೀಸೆ ಅಲುಗಿತು. ಆಮೇಲೆ ಅವರ ಹೊಟ್ಟೆ ಅಲುಗಿತು. ಇಡೀ ಅಂಗಳವೇ ನಕ್ಕಿತು. ಶರಣಪ್ಪ ಮಾತ್ರ ನಕ್ಕನೋ ಅತ್ತನೋ ತಿಳಿಯಲಿಲ್ಲ.

“ಹೆಂಗೂ ರಾಡಿ ಆಗೇನಿ. ಬಕೆಟ್ ತರ್ರಿ!” ಎಂದು ರಾಯರು ಧೋತರ ಮೇಲೆ ಕಟ್ಟಿ ತಾವೇ ಟಾಕಿಗಿಳಿದರು. ಬೀಗರು, ನೆಂಟರು, ಓಣಿಯವರು ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ಸಾಗಿಸಿದರು. ನನಗೆ ವಹಿಸಿದ್ದು ಖಾಲಿ ಬಕೆಟ್ ಮರಳಿಸುವ ಕೆಲಸ. ತುಂಬಿದ್ದನ್ನು ನನ್ನ ಕೈಗೆ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ! ಸಂಜೆಯೊಳಗೆ ಟಾಕಿ ತೊಳೆದು ಟ್ಯಾಂಕರ್ ತರಿಸಿ ಹೊಸ ನೀರು ತುಂಬಿಸಿದ್ದಾಯಿತು.

ಮರುದಿನ ಅಕ್ಷತೆ ಬಿದ್ದಾಗ ಶರಣಪ್ಪನಿಗಿಂತ ದೊಡ್ಡ ಉಸಿರು ಬಿಟ್ಟವನು ನಾನು. ಹುಡುಗಿ ನನ್ನ ಕಡೆ ನೋಡಿ ನಕ್ಕಾಗ ಎದೆ ಹಗುರವಾಯಿತು. ಅದೇ ಹುರುಪಿನಲ್ಲಿ ಪಂಕ್ತಿಯವರಿಗೆ ನೀರು ಬಡಿಸೋಣವೆಂದು ಜಗ್ ಎತ್ತಿದೆ.

ಬೀಗರ ಸಾಲೆಲ್ಲ ಒಟ್ಟಿಗೆ ಹಿಂದೆ ಸರಿಯಿತು!

ಶರಣಪ್ಪ ಓಡಿ ಬಂದು ಜಗ್ ಕಸಿದುಕೊಂಡ. “ಕೂಡ್ರಿ ಬಾಬುಭಾಯ್, ಕೈ ಮುಗಿತೇನಿ. ನೀವು ಬರೇ ಉಣ್ರಿ!”

ಉಂಡೆ.