‘ಇಲ್ಲ’ ಎನ್ನದ ಚಿಕ್ಕಮ್ಮ ಮತ್ತು ಅಮೆರಿಕದ ಕಾಲೇಜು

ದೆಹಲಿ ಪಕ್ಕದ ಇಂದಿರಾಪುರಂನಲ್ಲಿರುವ ನನ್ನ ಚಿಕ್ಕಮ್ಮನ ಮನೆಯಲ್ಲಿ ಇದುವರೆಗೂ ಯಾವ ಪದಾರ್ಥವೂ ಮುಗಿದದ್ದಿಲ್ಲ! ಕುಬೇರನ ಮನೆಯಲ್ಲಾದರೂ ಒಮ್ಮೊಮ್ಮೆ ಸಕ್ಕರೆ ಖಾಲಿಯಾದೀತು, ಇವರ ಮನೆಯಲ್ಲಿ ಆಗುವುದಿಲ್ಲ. ಡಬ್ಬಿಯ ತಳ ಕೆರೆದು ಕೊನೆಯ ಚಮಚ ಕಾಫಿಗೆ ಹಾಕಿದ ಮೇಲೆ ಅವರು ಹೇಳುವುದು, “ಸಕ್ಕರೆ ತುಂಬಿದೆ.” ‘ಇಲ್ಲ’ ಎಂದರೆ ಮನೆಯ ಲಕ್ಷ್ಮಿ ಮುನಿಸಿಕೊಂಡು ಲಿಫ್ಟ್ ಹತ್ತಿಬಿಡುತ್ತಾಳಂತೆ! ನಮ್ಮ ಕಡೆಯ ಹೆಂಗಸರೆಲ್ಲ ಅಕ್ಕಿ, ಅರಿಶಿನ, ಕುಂಕುಮಕ್ಕೆ ಹೀಗೆ ಹೇಳುವವರೇ. ಚಿಕ್ಕಮ್ಮ ಮಾತ್ರ ಟೂತ್‌ಪೇಸ್ಟಿಗೂ ಮೊಬೈಲ್ ಡೇಟಾಕ್ಕೂ ಹೇಳುತ್ತಾರೆ.

ದೆಹಲಿಗೆ ಬಂದ ಹೊಸದರಲ್ಲಿ ಅಕ್ಕಿ ಮುಗಿದಾಗ ಇದನ್ನೇ ಹಿಂದಿಗೆ ತಿರುಗಿಸಿ ಅಂಗಡಿಯವನಿಗೆ ಫೋನ್ ಮಾಡಿದರಂತೆ: “ಭಯ್ಯಾ, ಚಾವಲ್ ಭರ್ ಗಯಾ ಹೈ.” ಅವನು “ಬಹುತ್ ಅಚ್ಛಾ, ಭಾಭೀಜಿ!” ಎಂದು ಸಂತೋಷಪಟ್ಟು ಫೋನಿಟ್ಟ. ಅಂದು ಊಟಕ್ಕೆ ಬರೀ ಬ್ರೆಡ್ಡು. ಮಾನೇಸರ್‌ನ ಕಾರ್ಖಾನೆಯಿಂದ ಹಸಿದು ಬಂದಿದ್ದ ಚಿಕ್ಕಪ್ಪ ಅದನ್ನೇ ಅಗಿಯುತ್ತಾ, “ಅಕ್ಕಿ ತುಂಬಿರೋ ಮನೇಲಿ ಉಪವಾಸ ಮಾಡೋ ಪುಣ್ಯ ಎಷ್ಟು ಜನಕ್ಕಿದೆ, ಹೇಳು!” ಎಂದರಂತೆ.

ಆ ಚಿಕ್ಕಪ್ಪ ತೀರಿಕೊಂಡು ಮೂರು ವರ್ಷವಾಯಿತು. ಚಿಕ್ಕಮ್ಮ ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡು ಮನೆ ನಡೆಸುತ್ತಾರೆ. ಅವರ ಮಗಳು, ಅಂದರೆ ನನ್ನ ತಂಗಿ, ಮಹಾ ಬುದ್ಧಿವಂತೆ. ಸಾವಿರಾರು ಜನ ಬಾಗಿಲು ಬಡಿದರೂ ಕೆಲವರಿಗಷ್ಟೇ ತೆರೆಯುವ ಅಮೆರಿಕದ ಕಾಲೇಜೊಂದರಲ್ಲಿ ಸೀಟು ಗಿಟ್ಟಿಸಿಕೊಂಡಳು! ಕೈಲಾಗದವರಿಗೆ ಅಲ್ಲಿ ಫೀಸಿನ ಸಹಾಯ ಸಿಗುತ್ತದೆ, ಹೊರದೇಶದವರಿಗೂ. ಇವಳಿಗೂ ಸಿಕ್ಕಿತು. ಆದರೂ ನಾವೆಲ್ಲ ಸೇರಿ ಹೊಂದಿಸಲಾಗದಷ್ಟು ಬಾಕಿ ಉಳಿಯಿತು. ಇನ್ನಷ್ಟು ಕೊಡಿ ಎಂದು ಮತ್ತೆ ಕೇಳಬಹುದಂತೆ. ಅದಕ್ಕೆ ಮಾಡಬೇಕಾದ್ದಿಷ್ಟೇ, ನಮ್ಮ ಹತ್ತಿರ ಇಲ್ಲ ಎಂದು ಹೇಳುವುದು. ಹೇಳಬೇಕಾದವರು ಯಾರು? ಚಿಕ್ಕಮ್ಮ!

ಲಕ್ಷ್ಮೀ ನಗರದಲ್ಲಿ ಇಂಥದಕ್ಕೆಲ್ಲ ಸಲಹೆ ಕೊಡುವವನೊಬ್ಬನ ಬಳಿ ಮೂವರೂ ಹೋದೆವು. “ಘರ್ ಮೇ ಕ್ಯಾ ತಕ್ಲೀಫ್ ಹೈ, ಆಂಟಿಜಿ?” ಎಂದು ಕಷ್ಟ ವಿಚಾರಿಸಿದ. “ಸಬ್ ಭರಾ ಹುವಾ ಹೈ” ಎಂದು ಚಿಕ್ಕಮ್ಮ ಅವನ ಮುಂದೆ ಚಕ್ಕುಲಿ ಡಬ್ಬಿ ತೆರೆದಿಟ್ಟರು. ಅವನು ಚಕ್ಕುಲಿ ಚಪ್ಪರಿಸಿ ತಿಂದು, ಯಾವ ಕಾರಣಕ್ಕೂ ಅಮ್ಮನನ್ನು ಕಾಲೇಜಿನವರ ಮುಂದೆ ಕೂರಿಸಬೇಡ ಎಂದು ತಂಗಿಗೆ ಗುಟ್ಟಾಗಿ ಹೇಳಿ ಕಳಿಸಿದ.

ಕಾಲೇಜಿನವರು ಕೇಳಿದ್ದೇ ಅಮ್ಮನನ್ನು! ವಿಡಿಯೋ ಕಾಲ್‌ನಲ್ಲಿ ತಾಯಿಯ ಜೊತೆ ಮಾತಾಡಿಯೇ ತೀರ್ಮಾನಿಸುತ್ತೇವೆ ಎಂದರು. ಸಹಾಯ ಹೆಚ್ಚದಿದ್ದರೆ ಸೀಟು ಬಿಡದೆ ದಾರಿಯಿರಲಿಲ್ಲ. ತಂಗಿ ವಾರವೆಲ್ಲ ಗೋಗರೆದಳು.

“ಅಮ್ಮ, ಪ್ಲೀಸ್ ಯಾರ್, ಒಂದ್ಸಲ ‘ಇಲ್ಲ’ ಅಂತ ಬೋಲ್ ದೋ ನಾ!”

“ತುಂಬಿದೆ ಅಂತೀನಿ, ಅವರೇ ಅರ್ಥ ಮಾಡ್ಕೊಳ್ಳಲಿ. ಅಷ್ಟು ದೊಡ್ಡ ಕಾಲೇಜು ನಡೆಸೋರಿಗೆ ಇಷ್ಟೂ ತಿಳಿಯಲ್ವಾ?”

ಆ ಸಂಜೆ ಚಿಕ್ಕಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟು ಕ್ಯಾಮೆರಾ ಮುಂದೆ ಕೂತರು. ಬಡತನ ಹೇಳಿಕೊಳ್ಳಲು ರೇಷ್ಮೆ ಸೀರೆ! ನಾನು ಹಣೆ ಚಚ್ಚಿಕೊಂಡೆ. ಪರದೆಯ ಮೇಲೆ ಬಂದ ಹೆಂಗಸು ಪಾಪ ಒಳ್ಳೆಯವಳು. ನಿಮ್ಮ ಕಡೆಯಿಂದ ಇನ್ನೂ ಸ್ವಲ್ಪವಾದರೂ ಕೊಡಲು ಆಗುತ್ತದೆಯೇ ಎಂದು ನಯವಾಗಿ ಕೇಳಿದಳು. ಚಿಕ್ಕಮ್ಮ ಬಾಯಿ ತೆರೆದರು, ಮುಚ್ಚಿದರು. ತಂಗಿ ನನ್ನ ಕೈ ಹಿಡಿದುಕೊಂಡಳು.

ಚಿಕ್ಕಮ್ಮ ಇದ್ದಕ್ಕಿದ್ದಂತೆ ಎದ್ದರು. ಮಲಗುವ ಕೋಣೆಯ ಬಾಗಿಲನ್ನು ಭದ್ರವಾಗಿ ಮುಚ್ಚಿ ಬಂದು ಕೂತರು. “ಇಲ್ಲ” ಎಂದರು, ಮೊದಲು ಕನ್ನಡದಲ್ಲೇ. ಆಮೇಲೆ, “ನೋ, ಮೇಡಂ. ನಥಿಂಗ್ ಈಸ್ ದೇರ್.”

ಮುಂದಿನ ವಾರ ಬಾಕಿಯನ್ನೂ ಕಾಲೇಜೇ ಭರಿಸುವುದಾಗಿ ಮೇಲ್ ಬಂತು. ತಂಗಿ ಮನೆತುಂಬ ಕುಣಿದಾಡಿದಳು. ನಾನು ಸುಮ್ಮನಿರುವ ಪೈಕಿಯೇ?

“ಏನ್ ಚಿಕ್ಕಮ್ಮ, ಲಕ್ಷ್ಮಿಗೆ ಕೇಳಿಸಬಾರ್ದು ಅಂತ ಬಾಗಿಲು ಹಾಕಿದ್ರಾ?”

ಅವರು ನಗಲಿಲ್ಲ.

“ದೇವ್ರಿಗೆ ಗೊತ್ತಿಲ್ದೇ ಇರೋದು ಏನಿದ್ಯೋ? ಒಳಗೆ ನಿನ್ನ ಚಿಕ್ಕಪ್ಪನ ಫೋಟೋ ಇದ್ಯಲ್ಲ. ನಮಗೆ ಏನೂ ಕಮ್ಮಿ ಮಾಡಿಲ್ಲ ಅಂದ್ಕೊಂಡೇ ಹೋದ್ರು ಕಣೋ. ಹಾಗೇ ಅಂದ್ಕೊಂಡಿರ್ಲಿ, ಪಾಪ.”