ದೇವರ ಕಿವಿಗೆ ಬಿದ್ದ ಜಗಳ

ಪ್ರಾರ್ಥನೆಗೆ ಕಣ್ಣು ಮುಚ್ಚಬೇಕೆಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಕಿವಿ ಮುಚ್ಚಬೇಕೆಂದು ಯಾರೂ ಕಲಿಸಲಿಲ್ಲ. ಮನೆಮಂದಿಯೆಲ್ಲ ಕೂಡಿ ಕುಳಿತು, ಒಬ್ಬರಾದ ಮೇಲೆ ಒಬ್ಬರು ಬಾಯಿಬಿಟ್ಟು ಪ್ರಾರ್ಥಿಸುವ ಪದ್ಧತಿ ಇರುವ ಕಡೆ, ದೇವರಿಗೆಂದು ಹೊರಟ ಮಾತು ಮೊದಲು ಪಕ್ಕದಲ್ಲಿ ಕುಳಿತವರ ಕಿವಿಗೇ ಬೀಳುತ್ತದೆ. ಅದು ದೇವರಿಗೆ ತಲುಪಿತೋ ಇಲ್ಲವೋ ಎಂಬ ಸಂಶಯ ನನ್ನಂಥ ಅಲ್ಪವಿಶ್ವಾಸಿಗೆ ಒಮ್ಮೊಮ್ಮೆ ಬಂದದ್ದುಂಟು. ಹೆಂಡತಿಗೆ ತಲುಪಿತೋ ಇಲ್ಲವೋ ಎಂಬ ಸಂಶಯ ಮಾತ್ರ ಎಂದೂ ಬಂದಿಲ್ಲ.

ಕನ್ನಡ ನಾಡು ಒಂದಾದ ಹೊಸತರಲ್ಲಿ ನಾನು ಸಿಂದಗಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಊರಲ್ಲಿ ನಮ್ಮಂಥ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಬಿಜಾಪುರದಿಂದ ಪಾದ್ರಿಗಳು ಬಸ್ಸು ಸಿಕ್ಕಾಗ ಬರುತ್ತಿದ್ದರು. ಉಳಿದ ದಿನಗಳಲ್ಲಿ ನಮ್ಮ ಪಡಸಾಲೆಯೇ ಚರ್ಚು, ನಾನೇ ಪಾದ್ರಿ, ನಮ್ಮ ಅವ್ವ ಮತ್ತು ನನ್ನ ಹೆಂಡತಿ ಸಾರವ್ವ ಇಬ್ಬರೇ ಸಭೆ. ದೀಪ ಹಚ್ಚಿದ ಮೇಲೆ, ಊಟಕ್ಕೆ ಮೊದಲು, ಸರದಿಯಂತೆ ಒಬ್ಬರು ಸತ್ಯವೇದ ಓದುವುದು, ಆಮೇಲೆ ಮೂವರೂ ಪ್ರಾರ್ಥನೆ ಮಾಡುವುದು. ಅವ್ವನಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ಓದುವ ಸರದಿ ನನಗೂ ಸಾರವ್ವನಿಗೂ ಇತ್ತು. ಅವ್ವನ ಪ್ರಾರ್ಥನೆ ಚಿಕ್ಕದು: ಬಂಧುಬಳಗದವರ ಹೆಸರು, ತನ್ನ ಮೊಣಕಾಲು, ಆಮೆನ್. ನನ್ನದು ಉದ್ದ. ದಡ್ಡ ಹುಡುಗರಿಗೆ ಪಾಠ ಹೇಳಿ ಹೇಳಿ ಬಂದ ಚಟ ಅದು. ದೇವರಿಗೂ ಆದಾಮನ ಕಾಲದಿಂದ ಬಿಡಿಸಿ ಹೇಳದಿದ್ದರೆ ಸಮಾಧಾನವಿಲ್ಲ. ಅಷ್ಟರಲ್ಲಿ ಬುಟ್ಟಿಯಲ್ಲಿದ್ದ ರೊಟ್ಟಿ ತಣ್ಣಗಾಗಿ ಸೆಟೆದಿರುತ್ತಿತ್ತು.

ಹೀಗಿರುವಾಗ ಒಂದು ದಿನ ಶಾಲೆಗಳ ಸಾಹೇಬರು ತನಿಖೆಗೆ ಬಂದರು. ನನ್ನ ವರ್ಗ ನೋಡಿ ಸಂತೋಷಪಟ್ಟು, "ಮಾಸ್ತರ, ಚಡಚಣದಾಗ ಹೆಡ್ ಮಾಸ್ತರ ಜಾಗಾ ಖಾಲಿ ಐತಿ, ಹೋಗ್ತೀರೇನು?" ಎಂದರು. ಹೆಡ್ ಮಾಸ್ತರ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಮುಂದಿನ ಶಬ್ದಗಳೆಲ್ಲ ನನಗೆ ತಂಬೂರಿಯ ಶ್ರುತಿಯಂತೆ ಕೇಳಿಸಿದವು. "ಹೋಗ್ತೇನ್ರಿ ಸಾಹೇಬ್ರ" ಎಂದೆ. ಮನೆಗೆ ಬಂದು ಊಟವಾದ ಮೇಲೆ ಸುದ್ದಿ ಹೇಳಿದೆ. ಸಾರವ್ವ ಗಂಗಾಳ ಎತ್ತುತ್ತಿದ್ದವಳು ನಿಂತಳು.

"ಹೂಂ ಅಂದು ಬಂದ್ರೇನು?"

"ಅಂದು ಬಂದೆ."

"ಛಲೋ ಆತು."

ಮದುವೆಯಾದವರಿಗೆ ಈ 'ಛಲೋ ಆತು' ಎಂಬುದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಂದಿನಿಂದ ಆಕೆ ನನ್ನೊಡನೆ ಮಾತು ಬಿಟ್ಟಳು. ನೀರು ಇಡುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಅಂಗಿಗೆ ಗುಂಡಿ ಹಚ್ಚುತ್ತಿದ್ದಳು, ಮಾತು ಮಾತ್ರ ಇಲ್ಲ. ಆಕೆಯ ದುಃಖ ಆಕೆಗಿತ್ತು. ತವರುಮನೆ ಯಂಕಂಚಿ, ಸಿಂದಗಿಯಿಂದ ಮುಂಜಾನೆ ಹೋದರೆ ಸಂಜೆಗೆ ತಿರುಗಿ ಬರಬಹುದು; ಚಡಚಣವೆಂದರೆ ಮರಾಠಿ ಗಡಿಯ ಬಳಿ, ದೂರದ ಊರು. ಹಿತ್ತಲಲ್ಲಿ ಬದನೆಯ ಗಿಡಗಳು ಆಗಷ್ಟೇ ಹೂಬಿಟ್ಟಿದ್ದವು. ಗೋಡೆಯಾಚೆ ಹುಸೇನಬಿ ಇದ್ದಳು; ಅವಳಿಗೂ ಇವಳಿಗೂ ಸಾರಿನ ಬಟ್ಟಲು ಗೋಡೆಯ ಮೇಲಿಂದ ದಾಟದ ದಿನವಿರಲಿಲ್ಲ. ಇದನ್ನೆಲ್ಲ ನಾನು ಬಲ್ಲೆ. ಆದರೆ ಹೆಡ್ ಮಾಸ್ತರನಾಗುವವನಿಗೆ ಬದನೆಯ ಗಿಡ ಕಣ್ಣಿಗೆ ಬೀಳುತ್ತದೆಯೆ?

ಮಾತು ಬಿಟ್ಟರೂ ಪ್ರಾರ್ಥನೆ ಬಿಡುವಂತಿರಲಿಲ್ಲ. ಮರುದಿನ ಸಂಜೆ ಸಾರವ್ವ ಕಣ್ಣು ಮುಚ್ಚಿ, "ಪರಲೋಕದಲ್ಲಿರುವ ನಮ್ಮ ತಂದೆಯೇ, ಈ ದಿವಸ ನಮ್ಮನ್ನು ಕಾಪಾಡಿದ್ದಕ್ಕೆ ಸ್ತೋತ್ರ" ಎಂದಳು. ಅಲ್ಲಿಯವರೆಗೆ ಪುಸ್ತಕದ ಕನ್ನಡ. ಆಮೇಲೆ ಮನೆಯ ಕನ್ನಡ ಬಂತು. "ನೀ ಎಲ್ಲಾ ಬಲ್ಲಾಂವ, ಆದ್ರೂ ನಾವು ಬೇಡಿಕೊಂಡ ಮ್ಯಾಲನ ಕೊಡ್ತಿ. ಒಂದು ಮಾತು ಕೇಳಲಾರದ ಯಾರ ಬಾಳೇವೂ ಹೊತ್ತು ಬ್ಯಾರೆ ಕಡೆ ಇಡೂದಿಲ್ಲ. ಅಂಥಾ ಬುದ್ಧಿ ನಿನ್ನ ಸೇವಕರಿಗೂ ಕೊಡು." ಊರಲ್ಲಿ ದೇವರ ಸೇವಕನೆಂದು ಹೇಳಿಕೊಳ್ಳುತ್ತಿದ್ದವನು ನಾನೊಬ್ಬನೇ. ನಾನೂ ಬಿಡಲಿಲ್ಲ. "ದೇವರೇ, ನೀನು ಕರೆದಾಗ ಮನೆಮಾರು ಬಿಟ್ಟು ಹೊರಟ ಭಕ್ತರಂತೆ ನಮ್ಮ ಮನೆಯವರಿಗೂ ವಿಧೇಯ ಮನಸ್ಸು ಕೊಡು" ಎಂದೆ. ನಡುವೆ ಕುಳಿತಿದ್ದ ಅವ್ವ ಒಂದು ನಿಟ್ಟುಸಿರು ಬಿಟ್ಟು, "ಯಪ್ಪಾ ದೇವರ, ಇವರಿಬ್ಬರೂ ನಿನ್ನ ನಡುವ ಕುಂಡ್ರಿಸಿಕೊಂಡು ಜಗಳಾ ಮಾಡಾಕತ್ತಾರ. ನೀ ಯಾರ ಕಡೆ ಅಂತ ನಾ ಕೇಳೂದಿಲ್ಲ. ನನ್ನ ಮಣಕಾಲಿನ ಕಡೆ ಒಂದೀಟು ನೋಡು. ಆಮೆನ್" ಎಂದು ಮುಗಿಸಿದಳು.

ಜಗಳ ಓದಿಗೂ ಹಬ್ಬಿತು. ನನ್ನ ಸರದಿ ಬಂದಾಗ ಅಬ್ರಹಾಮನು ಸ್ವಂತ ಊರು ಬಿಟ್ಟು, ಕಾಣದ ದೇಶಕ್ಕೆ ಹೊರಟ ಕಥೆಯನ್ನು ತೆಗೆದು ಗಂಭೀರವಾಗಿ ಓದಿದೆ. ಅವನ ಹೆಂಡತಿಯ ಹೆಸರೂ ಸಾರಳೇ ಆಗಿದ್ದದ್ದು ನನ್ನ ಪಾಲಿಗೆ ದೇವರೇ ಒದಗಿಸಿದ ಸಾಕ್ಷಿ ಎನಿಸಿತ್ತು. ಓದಿ ಮುಗಿಸಿದಾಗ ಅವ್ವ ಕೇಳಿದಳು, "ಆಂವ ಬಂದು ಊರು ಬಿಡೂನು ಅಂದಾಗ ಆಕಿ ಏನಂದ್ಲು?"

"ಅದನ್ನ ಬರದಿಲ್ಲವಾ."

"ಬರದಿಲ್ಲಂದ್ರ ಆಕಿ ಏನೂ ಅಂದಿಲ್ಲಂತೇನು?"

ಅನೇಕ ಸಲ ಓದಿದ್ದ ಕಥೆ ಅದು. ಡೇರೆ ಕಿತ್ತಿದ್ದು, ಒಂಟೆ ಹೊಡೆದುಕೊಂಡು ಹೋದದ್ದು ಎಲ್ಲ ಕಣ್ಣಿಗೆ ಕಟ್ಟಿತ್ತು. ಆ ಹೆಣ್ಣುಮಗಳು ಆ ಸಂಜೆ ಏನಂದಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ದೊಡ್ಡತನ ಮಾತ್ರ ಆಗ ಬರಲಿಲ್ಲ. ಮರುದಿನ ಸಾರವ್ವನ ಸರದಿ. ಆಕೆ ಹಾಳೆ ತಿರುವಿ ತಿರುವಿ ಬಿಳಾಮನ ಕಥೆ ತೆಗೆದಳು. ದಾರಿಯಲ್ಲಿ ಅಡ್ಡ ನಿಂತ ದೇವದೂತ ಕತ್ತೆಗೆ ಕಾಣಿಸುತ್ತಾನೆ, ಮೇಲೆ ಕುಳಿತ ಜಾಣನಿಗೆ ಕಾಣಿಸುವುದಿಲ್ಲ; ಅವನು ಕತ್ತೆಯನ್ನೇ ಹೊಡೆಯುತ್ತಾನೆ; ಕೊನೆಗೆ ಕತ್ತೆಯೇ ಬಾಯಿಬಿಟ್ಟು ಮಾತಾಡುತ್ತದೆ. ಸಾರವ್ವ ಒಂದೊಂದು ಶಬ್ದವನ್ನೂ ಅಕ್ಕಿಯಲ್ಲಿ ಹರಳು ಆರಿಸುವಂತೆ ನಿಧಾನವಾಗಿ ಓದಿದಳು. ಅವ್ವನ ಭುಜಗಳು ಅಲುಗುತ್ತಿದ್ದವು. ಭಕ್ತಿಯಿಂದ ಅಲುಗುತ್ತಿವೆಯೆಂದು ನಾನು ತಿಳಿದುಕೊಂಡೆ.

ಇದೆಲ್ಲ ನಮ್ಮ ಗೋಡೆಯೊಳಗೇ ಇದೆ ಎಂದುಕೊಂಡಿದ್ದೆ. ಒಂದು ಸಂಜೆ ಶಾಲೆಯಿಂದ ಬರುವಾಗ ಹುಸೇನಬಿ ಬಾಗಿಲಲ್ಲಿ ನಿಂತಿದ್ದಳು. "ಮಾಸ್ತರ, ನಿಮ್ಮ ದುವಾ ಕನ್ನಡದಾಗ ಇರ್ತೈತಲ್ರಿ, ನಮಗೂ ಎಲ್ಲಾ ತಿಳೀತೈತಿ. ಸಾರವ್ವ ಛಲೋ ಕೇಳ್ತಾಳ. ನೀವು ಸ್ವಲ್ಪ ಸಣ್ಣದು ಮಾಡ್ರಿ. ನಿಮ್ಮ ಆಮೆನ್ ಕೇಳಿದ ಮ್ಯಾಲನ ನಮ್ಮ ಹುಡುಗ್ರು ಊಟಕ್ಕ ಕುಂಡ್ರತಾವ" ಎಂದಳು. ನಾನು ನಾಚಿ ಮುಂದೆ ಹೊರಟೆ. ಅವಳು ದನಿ ತಗ್ಗಿಸಿದಳು. "ಮಧ್ಯಾಹ್ನ ಸಾರವ್ವ ಒಲಿ ಮುಂದ ಕುಂತು ಅಳಾಕತ್ತಿದ್ಲು. ಯಾಕ ತಂಗಿ ಅಂದ್ರ ಹೊಗಿ ಅಂದ್ಲು. ಒಲ್ಯಾಗ ಬೆಂಕೀನ ಇರಲಿಲ್ರಿ."

ಆ ಮಾತು ನನಗೆ ಎಲ್ಲೋ ನಾಟಿತು. ಬೆಳಗಾಗುವುದನ್ನೇ ಕಾದು, ಸುತ್ತಲಿನ ಶಾಲೆಗಳ ತನಿಖೆಗೆಂದು ಸಾಹೇಬರು ಇನ್ನೂ ಇಳಿದುಕೊಂಡಿದ್ದ ಬಂಗಲೆಗೆ ಹೋಗಿ, "ಚಡಚಣ ನನಗ ಬ್ಯಾಡ್ರಿ" ಎಂದು ಹೇಳಿ ಬಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಚಹಾ ಕುಡೀರಿ ಎಂದು ಕೂಡ ಅನ್ನಲಿಲ್ಲ. ಆದರೆ ತ್ಯಾಗ ಮಾಡಿದವನಿಗೆ ಚಹಾ ಏಕೆ? ದಿನವಿಡೀ ಒಂದು ಹಿತವಾದ ದುಃಖದಲ್ಲಿ ಪಾಠ ಹೇಳಿದೆ. ಸಂಜೆಯ ಪ್ರಾರ್ಥನೆಯಲ್ಲಿ ಇದನ್ನು ದೇವರಿಗೆ ತಿಳಿಸುವುದು, ಸಾರವ್ವ ಕಣ್ಣೊರೆಸಿಕೊಳ್ಳುವುದು, ಅವ್ವ ಸ್ತೋತ್ರ ಅನ್ನುವುದು, ಎಲ್ಲವನ್ನೂ ಮನಸ್ಸಿನಲ್ಲೇ ಸಿದ್ಧಮಾಡಿಕೊಂಡೆ.

ಆದರೆ ಆ ಸಂಜೆ ಸಾರವ್ವನೇ ಮೊದಲು ಪ್ರಾರ್ಥಿಸಿದಳು. ದನಿಯಲ್ಲಿ ಹಿಂದಿನ ದಿನಗಳ ಬಿರುಸಿರಲಿಲ್ಲ. "ತಂದೆಯೇ, ಹುಸೇನಬಿ ಝಳಕಿಯಿಂದ ಮದವಿಯಾಗಿ ಬಂದಾಗ ಆಕಿಗೆ ಇಲ್ಲಿ ಯಾರೂ ಇರಲಿಲ್ಲಂತ. ಆಕಿಗೆ ನನ್ನ ಕೊಟ್ಟಿ. ಚಡಚಣದಾಗ ನನಗ ಯಾರನ್ನ ಇಟ್ಟಿದಿ, ನೀನ ಬಲ್ಲಿ. ಬಜಾರದಾಗ ಮರಾಠಿ ಮಾತಾಡ್ತಾರಂತ. ನಿನಗ ಎಲ್ಲಾ ಭಾಷಾ ಬರ್ತಾವ, ನನಗೂ ಒಂದೀಟು ಕಲಿಸು. ನಾ ಹೋಗಾಕ ತಯಾರದೇನಿ. ಆಮೆನ್."

ನನ್ನ ಸರದಿ ಬಂತು. ಅವ್ವ ಮೊಣಕೈಯಿಂದ ತಿವಿದಳು. ಬೇರೆ ದಾರಿ ಕಾಣದೆ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿದೆ. "ಕರುಣಾಳುವಾದ ದೇವರೇ, ಈ ನಿನ್ನ ದಾಸನು ಹೆಂಡತಿಯ ಮನಸ್ಸು ನೋಯಬಾರದೆಂದು... ಮುಂಜಾನೆ ಬಂಗಲೆಗೆ ಹೋಗಿ... ಆ ಜಾಗಾ ಒಲ್ಲೆ ಅಂದು ಬಂದಾನ."

ಒಂದು ಕಣ್ಣು ತೆರೆದು ನೋಡಿದೆ. ಸಾರವ್ವ ಎರಡೂ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಅಷ್ಟು ದಿನಗಳ ಮೇಲೆ ದೇವರನ್ನು ನಡುವೆ ತರದೆ ಆಡಿದ ಮೊದಲ ಮಾತು ಅದು.

"ಇದನ್ನೂ ನನ್ನ ಕೇಳಲಾರದ ಮಾಡಿದ್ರೇನು?"

"ಆಮೆನ್" ಎಂದಳು ಅವ್ವ. ತನ್ನ ಸರದಿ ಇನ್ನೂ ಬಾಕಿ ಇದೆ ಎಂಬುದನ್ನು ಅವಳು ಬೇಕೆಂದೇ ಮರೆತಳು.

ಮರುದಿನ ಮುಂಜಾನೆ ಸಾರವ್ವ ಇಳಕಲ್ಲ ಸೀರೆ ಉಟ್ಟು, "ನಡೀರಿ" ಎಂದಳು. ಬಂಗಲೆಯವರೆಗೆ ನಾನು ಹಿಂದೆ, ಆಕೆ ಮುಂದೆ. ಸಾಹೇಬರು ಬಿಜಾಪುರದ ಬಸ್ಸಿಗೆ ಹೊರಡಲು ಸಿದ್ಧರಾಗಿದ್ದರು. ನನ್ನನ್ನು ಕಂಡು, "ಏನ್ರಿ ಮಾಸ್ತರ, ಮೊದಲ ಹೂಂ ಅಂದ್ರಿ, ನಿನ್ನೆ ಒಲ್ಲೆ ಅಂದ್ರಿ. ಇವತ್ತೇನಂತೀರಿ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ದೃಷ್ಟಿ ಸಾರವ್ವನ ಕಡೆಗೆ ಹೋಯಿತು. ವಯಸ್ಸಾದವರು, ಮನೆಯಲ್ಲಿ ಹೆಣ್ಣುಮಕ್ಕಳಿದ್ದವರು. "ನೀ ಏನಂತಿ ತಂಗಿ? ಚಡಚಣಕ್ಕ ಹೋಗೂ ಮನಸೈತೇನು?" ಎಂದು ಕೇಳಿದರು.

ಸಾರವ್ವ ಸೆರಗು ಸರಿಮಾಡಿಕೊಂಡಳು. "ಮನಿ ಹತ್ರ ಬಾವಿ ಐತೇನ್ರಿ?"

"ಐತವಾ."

"ಸಿಹಿನೀರೋ, ಸವಳೋ?"

"ಸಿಹಿ. ನಾ ಕುಡದೇನಿ."

"ಹಂಗಾರ ಬ್ಯಾಸಿಗಿ ಬಿಸಲು ಕಡಿಮಿಯಾದ ಮ್ಯಾಲ ಹೋಗ್ತೇವ್ರಿ. ನಮ್ಮತ್ತಿಗೆ ಮಣಕಾಲು ನೋವು, ಈ ಬಿಸಲಾಗ ಬಸ್ಸಿನ್ಯಾಗ ಕುಂಡ್ರಾಕ ಆಗೂದಿಲ್ಲ. ಗಿಡದಾಗ ಬದನಿಕಾಯೂ ಆಗಬೇಕು."

"ಆಗಲಿ" ಎಂದು ಸಾಹೇಬರು ತಲೆಯಾಡಿಸಿ, ಜವಾನನನ್ನು ಕರೆದು ಆಕೆಗೆ ಚಹಾ ತರಲು ಹೇಳಿದರು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಮನೆಗೆ ಎಷ್ಟು ಖೋಲಿ, ಹಿತ್ತಲು ಇದೆಯೋ ಇಲ್ಲವೋ, ಪಾದ್ರಿಗಳು ಬಂದರೆ ಇಳಿಯಲು ಜಾಗವೆಲ್ಲಿ, ಹೀಗೆ ಎಲ್ಲವೂ ತೀರ್ಮಾನವಾದವು. ಚಡಚಣದ ಭಾವೀ ಹೆಡ್ ಮಾಸ್ತರನಾದ ನಾನು ಮೆಟ್ಟಿಲ ಹತ್ತಿರ ಕೊಡೆ ಹಿಡಿದು ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.