ನಿಮಗಷ್ಟೇ ಹತ್ತು ನಿಮಿಷ ನೀರು

ಕಾಲನಿ ನೋಡಿಕೊಳ್ಳುವವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನಾಗಿಯೇ ಬೆಳಿಗ್ಗೆ ಲುಂಗಿ ಉಟ್ಟುಕೊಂಡು ಬಂದು ಬಾಗಿಲು ಬಡಿಯುತ್ತದೆ.

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ನಾನು ಗುಮಾಸ್ತನಾಗಿದ್ದ ಹತ್ತಿ ಮಿಲ್ಲು ಮುಚ್ಚಿತ್ತು. ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ಮೂವತ್ತು ಮನೆಗಳ ಹೊಸ ಕಾಲನಿ ಎದ್ದಿತ್ತು. ಅಲ್ಲಿನ ಮಾಲೀಕರ ಸಂಘದವರಿಗೆ ನೀರು, ಚರಂಡಿ, ಬೀದಿ ದೀಪ ನೋಡಿಕೊಳ್ಳಲು ಒಂದು ಕಂಪನಿ ಬೇಕಾಗಿತ್ತು. ಕೌಲ್ ಬಜಾರಿನಲ್ಲಿ ಲೆಟರ್‌ಹೆಡ್ ಅಚ್ಚು ಹಾಕಿಸಿ, ಮರುದಿನವೇ ಕಂಪನಿಯಾದೆ. ಕಂಪನಿ ಎಂದರೆ ನಾನು, ಭಾವಮೈದ ಮತ್ತು ಒಂದು ಏಣಿ. ನೀರಿನ ಟ್ಯಾಂಕಿನ ಪಕ್ಕದ ಮನೆಯನ್ನು ಸಂಘವೇ ಕೊಟ್ಟಿತು.

ಹೆಂಡತಿ ಮೊದಲೇ ಹೇಳಿದ್ದಳು: "ಇದೂ ಹೋತಂದ್ರ ನಾನು ಕುರುಗೋಡಿಗೆ, ನಮ್ಮವ್ವನ ಮನಿಗೆ ಹೋಗತೀನಿ. ನೀವಿಬ್ರೂ ದಿನಾ ಒಬ್ಬರ ಮಾರಿ ಒಬ್ಬರು ನೋಡ್ಕೋತ ಕುಂದರ್ರಿ."

೧. ಚರಂಡಿ ಅರ್ಜಿ

ದೂರು ಬಾಯಲ್ಲಿ ಹೇಳುವಂತಿಲ್ಲ, ಬರೆದು ಕೊಡಬೇಕು, ಕಂಪನಿ ಅದನ್ನು ಸಂಘದ ಕಾರ್ಯದರ್ಶಿಗೆ ಕಳಿಸಿ ಮಂಜೂರಾತಿ ಪಡೆಯಬೇಕು ಎಂಬುದು ನಿಯಮ. ನಿಯಮ ಮಾಡಿದವರು ಕಾರ್ಯದರ್ಶಿಯವರೇ.

ಒಮ್ಮೆ ಅವರ ಮನೆಯ ಚರಂಡಿಯೇ ಕಟ್ಟಿಕೊಂಡಿತು. ನಿಯಮದಂತೆ ನನಗೆ ಅರ್ಜಿ ಬರೆದರು. ನಾನು ನಿಯಮದಂತೆ ಅದನ್ನು ಅವರಿಗೇ ಕಳಿಸಿದೆ. ಅವರು ಅದರ ಮೇಲೆ 'ಪರಿಶೀಲಿಸಲಾಗುವುದು' ಎಂದು ಬರೆದು ವಾಪಸು ಕಳಿಸಿದರು. ನಾಲ್ಕನೆಯ ದಿನ ಮೂಗಿಗೆ ಟವೆಲ್ ಹಿಡಿದುಕೊಂಡು ಬಂದರು.

"ಯಾಕ್ರೀ, ಇನ್ನೂ ಆಗಿಲ್ಲ?"

"ಕಾರ್ಯದರ್ಶಿ ಮಂಜೂರು ಮಾಡಿಲ್ರಿ."

"ಅಂವಾ ಯಾವಾಗ್ಲೂ ಹಿಂಗ!" ಎಂದು ಬೈದುಕೊಂಡು ಹೋದರು.

೨. ಎಮ್ಮೆಗೆ ನೋಟಿಸು

ಕಾಲನಿಯಲ್ಲಿ ದನಕರು ಕಟ್ಟಬಾರದೆಂದು ಸಂಘದ ಕಮಿಟಿಯ ಐದೂ ಮಂದಿ ಸಹಿ ಹಾಕಿ ನೋಟಿಸು ಕೊಟ್ಟರು. ಮೂಲೆ ಮನೆಯ, ಹತ್ತಿರದ ಹಳ್ಳಿಯಿಂದ ಬಂದ ಯಜಮಾನರ ಹತ್ತಿರ ಎಮ್ಮೆ ಇತ್ತು. ಭಾವಮೈದ ಮೈದಾ ಗೋಂದು ಬಳಿದು ಅವರ ಗೋಡೆಗೆ ನೋಟಿಸು ಅಂಟಿಸಿ ಬಂದ.

ಯಜಮಾನರು ಸಂಜೆಯೇ ಎಮ್ಮೆಯನ್ನು ಊರಿಗೆ ಹೊಡೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ನನ್ನ ಬಾಗಿಲಲ್ಲಿ ಐದು ಲಿಖಿತ ದೂರುಗಳು: "ಚಹಾಕ್ಕೆ ಹಾಲಿಲ್ಲ." ಸಹಿಗಳೂ ಅವೇ ಐದು.

ಎಮ್ಮೆ ಮರಳಿ ಬಂತು. ಅದರ ವಯಸ್ಸು ಕಾಲನಿಗಿಂತ ಹೆಚ್ಚಾದ್ದರಿಂದ ಅದು ಮೂಲ ನಿವಾಸಿ ಎಂದು ಕಮಿಟಿ ಠರಾವು ಮಾಡಿತು. ನೋಟಿಸು ಹರಿದು ಬರೋಣವೆಂದು ಹೋದೆವು. ಆ ಕೆಲಸ ಬಾಕಿ ಉಳಿದಿರಲಿಲ್ಲ. ಗೋಂದಿನ ರುಚಿಗೆ ಎಮ್ಮೆ ಅದನ್ನು ಸಹಿಗಳ ಸಮೇತ ತಿಂದು ಮುಗಿಸಿತ್ತು.

೩. ಎಂಟರ ಮೇಲೆ ಹತ್ತು

ಏಳರಿಂದ ಎಂಟರವರೆಗೆ ನೀರು. ಎಂಟಕ್ಕೆ ಸರಿಯಾಗಿ ಭಾವಮೈದ ಟ್ಯಾಂಕಿನ ಬುಡಕ್ಕೆ ಹೋಗಿ ವಾಲ್ವಿನ ಚಕ್ರ ತಿರುಗಿಸಿ ಬರುತ್ತಿದ್ದ.

ಒಂದು ದಿನ ಸಂಘದ ಅಧ್ಯಕ್ಷರು ಬಂದು, "ನಮ್ಮನ್ಯಾಗ ಮಂದಿ ಭಾಳ. ಹತ್ತು ನಿಮಿಷ ಜಾಸ್ತಿ ಬಿಡ್ರಿ" ಎಂದರು. "ನಿಮಗಷ್ಟ ಬಿಡತೀನಿ. ಎಂಟರ ಮ್ಯಾಲೆ ಸುಮ್ಮನ ನಳ ತಿರುವ್ರಿ, ಯಾರಿಗೂ ಹೇಳಬ್ಯಾಡ್ರಿ" ಎಂದೆ. ಆಮೇಲೆ ಕಾರ್ಯದರ್ಶಿ ಬಂದರು, ಎಮ್ಮೆ ಯಜಮಾನರು ಬಂದರು, ನಿವೃತ್ತ ಹೆಡ್ಮಾಸ್ತರು ಬಂದರು. ಮೂವತ್ತೂ ಮನೆಯವರಿಗೆ ಇದೇ ಮಾತು ಕೊಟ್ಟೆ. ಮೂವತ್ತೂ ಮನೆಯವರು ಗುಟ್ಟು ಕಾಪಾಡಿದರು.

ವರ್ಷದ ಸಭೆ ಬಂತು. ಹೆಡ್ಮಾಸ್ತರು ಎದ್ದು ನಿಂತು ಠರಾವು ಓದಿದರು: "ಈ ಕಂಪನಿ ತಗದುಹಾಕ್ರಿ. ಕಮಿಟಿನೇ ನಡಸ್ಲಿ. ಗಡಿಯಾರ ಹಿಡಕೊಂಡು ಏಳರಿಂದ ಎಂಟಕ್ಕ ನೀರು, ಒಂದು ನಿಮಿಷ ಜಾಸ್ತಿ ಇಲ್ಲ!"

ಮಾಸ್ತರು ಕಂಪನಿ ತೆಗೆಸುತ್ತಾರೆಂಬ ಸುದ್ದಿ ಮೊದಲೇ ಹಬ್ಬಿತ್ತು. ಮನೆಯಲ್ಲಿ ಹೆಂಡತಿ ಆಗಲೇ ಟ್ರಂಕಿಗೆ ಸೀರೆ ತುಂಬುತ್ತಿದ್ದಳು.

"ಠರಾವಿಗೆ ಒಪ್ಪಿಗಿ ಇದ್ದವರು ಕೈ ಎತ್ತರಿ" ಎಂದರು ಅಧ್ಯಕ್ಷರು.

ಒಂದೂ ಕೈ ಏಳಲಿಲ್ಲ. ಎಲ್ಲರೂ ನೆಲ ನೋಡುತ್ತ ಕೂತಿದ್ದರು. ತಮ್ಮ ಹತ್ತು ನಿಮಿಷವೂ ಹೋಗುತ್ತದೆಂಬುದು ಹೆಡ್ಮಾಸ್ತರಿಗೂ ಆಗಲೇ ಹೊಳೆದಿರಬೇಕು.

"ಮಾಸ್ತರ, ನಿಮ್ಮ ಠರಾವಿಗೆ ನೀವಾದ್ರೂ ಕೈ ಎತ್ರಿ" ಎಂದರು ಅಧ್ಯಕ್ಷರು.

"ಭುಜ ಹಿಡದೈತ್ರಿ" ಎಂದರು ಮಾಸ್ತರು.

ಕಂಪನಿ ಉಳಿಯಿತು. ಖುಷಿಯಲ್ಲಿ ಅಧ್ಯಕ್ಷರು, "ಸಂಘದಿಂದ ನಿಮಗ ಒಂದು ಹೊಸ ವಾಲ್ವ್ ಹಾಕಿಸಿ ಕೊಡೂಣು" ಎಂದರು. "ಬ್ಯಾಡ್ರಿ!" ಎಂದು ನಾನೂ ಭಾವಮೈದನೂ ಒಟ್ಟಿಗೇ ಕೂಗಿದೆವು.

ಮನೆಗೆ ಓಡಿಬಂದು ಹೆಂಡತಿಗೆ ಸುದ್ದಿ ಹೇಳಿದೆ. ಅವಳು ನಗುನಗುತ್ತ ಟ್ರಂಕಿನಿಂದ ಸೀರೆ ತೆಗೆಯತೊಡಗಿದಳು. ನನಗೂ ಖುಷಿ ತಡೆಯಲಾಗದೆ ಒಳಗಿನ ಗುಟ್ಟನ್ನೂ ಹೇಳಿಬಿಟ್ಟೆ: "ಆ ಚಕ್ರ ನಾವು ಬಂದ ವಾರದಾಗ ಸಡಲಾಗಿ ಹೋಗೈತಿ. ನಿನ್ನ ತಮ್ಮ ಸುಮ್ಮನ ತಿರುವಿ ಬರತಾನ. ವಾಲ್ವ್ ಬಂದ್ ಆಗೋದ ಇಲ್ಲ. ಟ್ಯಾಂಕಿನ್ಯಾಗಿನ ನೀರು ತೀರಾಕ ಎಂಟೂ ಹತ್ತು ಆಗತೈತಿ, ಅಷ್ಟ!"

ಅವಳ ಕೈ ನಿಂತಿತು. ಬಾಗಿಲ ಹತ್ತಿರ ನಿಂತಿದ್ದ ಭಾವಮೈದ ಮೆಲ್ಲಗೆ ಹಿಂದೆ ಸರಿದ.

"ಲೇ, ನಿಲ್ಲೋ!" ಎಂದಳು. "'ಅಕ್ಕಾ, ಮಾಮಾಗ ಹೇಳಬ್ಯಾಡ, ನಿನಗಷ್ಟ ಹತ್ತು ನಿಮಿಷ' ಅಂತ ವರ್ಷಪೂರ್ತಿ ನನ್ನ ಕಡಿಂದ ದಿನಾ ಹೋಳಗಿ ಮಾಡಿಸಿ ತಿಂದ್ಯಲ್ಲೋ!"

ಮರುದಿನ ಕುರುಗೋಡಿನ ಬಸ್ಸಿಗೆ ಟ್ರಂಕು ಏರಿತು. ಒಳಗಿದ್ದದ್ದು ಭಾವಮೈದನ ಲುಂಗಿಗಳು.